ಮಂಗಲಪೇಟೆ ಚರ್ಚ್, ಸುತ್ತಮುತ್ತಲಿನ ತಿಂಡಿ ಗಾಡಿಗಳು: ಭಾನುವಾರ ಒಂದು ಸುತ್ತು ಹಾಕಬೇಕಂದ್ರೆ ಎಲ್ಲಿಂದ ಶುರು ಮಾಡಲಿ?

ಚೌಬಾರಾ ಹುಡುಗಿ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೀದರ್ ಹಳೇ ಊರಲ್ಲಿ, ಚೌಬಾರಾ ಗೋಪುರದ ಹತ್ತಿರ. ಮುಂದಿನ ತಿಂಗಳು ಬೆಂಗಳೂರಿಂದ ಅತ್ತೆ ಮಕ್ಕಳು ಬರುತ್ತಿದ್ದಾರೆ. ಯಾರೇ ನೆಂಟರು ಬರಲಿ, ನಾವು ತೋರಿಸುವುದು ಅದೇ ನಾಲ್ಕು ಜಾಗ. ಕೋಟೆ, ಗವಾನ್ ಮದ್ರಸಾ, ಅಷ್ಟೂರಿನ ಗುಂಬಜ್, ಗುರುದ್ವಾರ. ಮಧ್ಯಾಹ್ನ ಯಾವುದೋ ದೊಡ್ಡ ಹೋಟೆಲಲ್ಲಿ ಪನೀರು, ನಾನ್. ಅದು ಬೆಂಗಳೂರಲ್ಲೂ ಸಿಗುತ್ತೆ ಅಲ್ವಾ?

ಈ ಸಲ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಇರುವುದನ್ನೇ ತೋರಿಸಬೇಕು ಅಂತ ಆಸೆ. ಮಂಗಲಪೇಟೆಯ ಮೆಥಡಿಸ್ಟ್ ಚರ್ಚ್ ಮುಂದೆ ಚಿಕ್ಕಂದಿನಿಂದ ಓಡಾಡಿದ್ದೇನೆ. ಭಾನುವಾರ ಒಳಗಿಂದ ತಬಲಾ, ಹಾರ್ಮೋನಿಯಂ ಕೇಳಿಸುತ್ತೆ. ಒಳಗೆ ಹೋಗಿ ಕೂತು ನೋಡಿಲ್ಲ. ನಾವು ಕ್ರೈಸ್ತರಲ್ಲ, ಹೋದರೆ ಯಾರಾದರೂ ಏನಾದರೂ ಅಂದುಕೊಳ್ಳುತ್ತಾರಾ? ಮತ್ತೆ ಆ ಕಡೆ ಈ ಕಡೆ ಗಾಡಿಗಳಲ್ಲಿ ಏನು ತಿನ್ನಿಸಬೇಕು? ಬರುವವರಲ್ಲಿ ಇಬ್ಬರು ಶುದ್ಧ ಸಸ್ಯಾಹಾರಿಗಳು, ಒಬ್ಬ ಎಲ್ಲಾ ತಿನ್ನುತ್ತಾನೆ. ಖಾರ ಮಾತ್ರ ಮೂವರಿಗೂ ಕಷ್ಟ.

ಗಂಜ್ ಕಾಕಾ
ಖಾರ ಕಷ್ಟ ಅನ್ನುವವರನ್ನ ಬೀದರ್‌ಗೆ ಕರೆಸಿದ ಮೇಲೆ ಒಂದು ಮಿರ್ಚಿನಾದರೂ ತಿನ್ನಿಸಿ ಕಳಿಸಬೇಕು ತಂಗಿ.

ಕರೇಜ್
ಊಟದ ಮಾತು ಇರಲಿ. ಚರ್ಚ್ ನೋಡಲಿ, ಬೇಡ ಅನ್ನಲ್ಲ. ಆದರೆ ಹೊರಗಿಂದ ಬಂದವರಿಗೆ ಇರೋದೇ ಒಂದೂವರೆ ದಿನ. ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನ ಕಲಬುರಗಿಯಿಂದ ಇಲ್ಲಿಗೆ ತಂದ ಊರು ಇದು. ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಮದ್ರಸಾ ಕಟ್ಟಿಸಿದ್ದು 1472ರಲ್ಲಿ. ನೌಬಾದಿನ ಕರೇಜ್ ಇದೆ, ನೆಲದ ಕೆಳಗೆ ಸುರಂಗ ತೋಡಿ ನೀರು ತಂದದ್ದು. ದೇಶದಲ್ಲಿ ಅಂಥದ್ದು ಎಷ್ಟಿವೆ? ಇದನ್ನೆಲ್ಲ ಬಿಟ್ಟು ಅಮೆರಿಕದ ಮಿಷನರಿಗಳ ಕಾಲದ ಚರ್ಚನ್ನ ಐತಿಹಾಸಿಕ ಅಂತ ತೋರಿಸೋದು ಸರಿ ಕಾಣಲ್ಲ ನನಗೆ.

ಮಂಗಲಪೇಟೆ ಮನೆ
ತಂಗಿ, ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ಧಾರಾಳವಾಗಿ ಬನ್ನಿ. ನಾನು ಅದೇ ಸಭೆಯವಳು, ಅಲ್ಲೇ ಹುಟ್ಟಿ ಬೆಳೆದವಳು. ಆರಾಧನೆ ಶುರುವಾಗುವ ಮುಂಚೆ ಬಂದು ಹಿಂದಿನ ಸಾಲಲ್ಲಿ ಕೂತರೆ ಯಾರೂ ಏನೂ ಕೇಳಲ್ಲ. ಕೇಳಿದರೂ "ಯಾರ ಮನೆಯವರಮ್ಮಾ, ಬನ್ನಿ ಕೂತ್ಕೊಳ್ಳಿ" ಅಂತಲೇ ಕೇಳೋದು. ಎಲ್ಲರೂ ಎದ್ದು ನಿಂತಾಗ ನೀವೂ ನಿಂತರೆ ಸಾಕು. ಕಾಣಿಕೆ ಚೀಲ ಬಂದಾಗ ಹಾಕಲೇಬೇಕು ಅಂತ ಇಲ್ಲ. ತಿಂಗಳ ಮೊದಲ ಭಾನುವಾರ ಸಾಮಾನ್ಯವಾಗಿ ಪ್ರಭು ಭೋಜನ ಇರುತ್ತೆ. ಅವತ್ತು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಜನ ಮುಂದೆ ಹೋಗಿ ಮೊಣಕಾಲೂರುತ್ತಾರೆ. ಆಗ ನೀವು ಕೂತಲ್ಲೇ ಇರಿ, ತಪ್ಪೇನಿಲ್ಲ.

ಒಂದು ಕೈಮುಗಿದು ಹೇಳ್ತೀನಿ. ಮೊಬೈಲ್ ಒಳಗಿಡಿ. ಹೋದ ವರ್ಷ ಯಾರೋ ಹುಡುಗರು ಬಂದು ಪ್ರಾರ್ಥನೆ ನಡೆಯುವಾಗಲೇ ನಡುದಾರಿಯಲ್ಲಿ ನಿಂತು ವಿಡಿಯೋ ಮಾಡಿದರು. ಕಣ್ಣು ಮುಚ್ಚಿ ಅಳುತ್ತಿದ್ದ ಹೆಂಗಸಿನ ಮುಖದ ಹತ್ತಿರ ಕ್ಯಾಮೆರಾ ಹಿಡಿದರು. ಅವಳ ಗಂಡ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ನಮಗೆ ಬಹಳ ನೋವಾಯ್ತು. ಆರಾಧನೆ ಮುಗಿದ ಮೇಲೆ ಪಾದ್ರಿಗಳನ್ನ ಕೇಳಿದರೆ ಅವರೇ ಕಟ್ಟಡ ಎಲ್ಲಾ ತೋರಿಸುತ್ತಾರೆ, ಫೋಟೋ ಆಗ ತೆಗೆದುಕೊಳ್ಳಿ.

ಭಾಲ್ಕಿ ಮಾಸ್ತರ್
ಕರೇಜ್ ಅವರೇ, ನಿಮ್ಮ ಮಾತಿಗೆ ನನ್ನ ಪೂರ್ತಿ ವಿರೋಧ ಇದೆ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಮೆಥಡಿಸ್ಟರು ಅಮೆರಿಕದಿಂದ ಭಾರತಕ್ಕೆ ಬಂದದ್ದು 1856ರಲ್ಲಿ, ವಿಲಿಯಂ ಬಟ್ಲರ್ ಜೊತೆ, ಅದೂ ಉತ್ತರದ ಬರೇಲಿ ಕಡೆಗೆ. ದಕ್ಷಿಣಕ್ಕೆ ಬಂದದ್ದು ವಿಲಿಯಂ ಟೇಲರ್ ಕಾಲದಲ್ಲಿ, 1870ರ ದಶಕದಲ್ಲಿ. ಆಗಲೇ ನಮ್ಮ ಕಡೆ ರೈಲು ಬಂತು. ಮುಂಬೈ ಕಡೆಯ ರೈಲು ರಾಯಚೂರು ಮುಟ್ಟಿದ್ದು 1871ರಲ್ಲಿ. ವಾಡಿಯಿಂದ ಸಿಕಂದರಾಬಾದ್‌ಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಮಿಷನ್ ಕೆಲಸ ಎಲ್ಲೆಲ್ಲಿ ಬೇರು ಬಿಟ್ಟಿತು ಅಂತ ನಕ್ಷೆ ಇಟ್ಟು ನೋಡಿ. ಕಲಬುರಗಿ, ಯಾದಗಿರಿ, ರಾಯಚೂರು, ವಿಕಾರಾಬಾದ್. ಎಲ್ಲಾ ರೈಲು ಹಳಿಯ ಮೇಲಿನ ಊರುಗಳು. ಬೀದರ್ ಮಾತ್ರ ಆ ಹಳಿಯಿಂದ ದೂರ. ನಮಗೆ ವಿಕಾರಾಬಾದ್ ಕಡೆಯಿಂದ ರೈಲು ಬಂದಿದ್ದೇ 1930ರ ಸುಮಾರಿಗೆ. ಅದಕ್ಕೂ ಮುಂಚೆ ಚಕ್ಕಡಿ, ಟಾಂಗಾ, ಇಲ್ಲವೇ ನಡಿಗೆ. ಅಂಥ ದಾರಿಯಲ್ಲಿ ಬಂದು ಇಲ್ಲಿ ಶಾಲೆ, ಆಸ್ಪತ್ರೆ, ಚರ್ಚ್ ಮಾಡಿದರು.

ಆ ಶಾಲೆಗೆ ಹೋದವರು ಯಾರು? ಊರ ಬಾವಿಯ ನೀರು ಮುಟ್ಟಲು ಬಿಡದಿದ್ದ ಮನೆಗಳ ಮಕ್ಕಳು. ಆಗ ನಿಜಾಮರ ಸರಕಾರದ ಭಾಷೆ ಉರ್ದು. ಆ ಮಕ್ಕಳು ಕನ್ನಡ ಅಕ್ಷರ ಕಲಿತದ್ದು ಕನ್ನಡ ಬೈಬಲ್ ಓದಲು, ಕನ್ನಡ ಕೀರ್ತನೆ ಹಾಡಲು. ಸುಲ್ತಾನರು ಕಟ್ಟಿದ್ದು ಇತಿಹಾಸ, ಆ ಕೋಟೆಗೆ ಕಲ್ಲು ಹೊತ್ತವರ ಮರಿಮೊಮ್ಮಕ್ಕಳು ಅಕ್ಷರ ಕಲಿತ ಜಾಗ ಇತಿಹಾಸ ಅಲ್ಲ ಅಂದ್ರೆ ಹೇಗೆ ಒಪ್ಪಲಿ?

ಗಂಜ್ ಕಾಕಾ
ಮಾಸ್ತರ್ ಮಾತಿಗೆ ನನ್ನದೂ ಸಹಿ.

ಕರೇಜ್
ಮಾಸ್ತರೇ, ಶಾಲೆಯ ಬಗ್ಗೆ ಹೇಳಿದ್ದು ಒಪ್ಪುತ್ತೇನೆ. ನನ್ನ ತಕರಾರು ಕಟ್ಟಡದ್ದು. ಸ್ಮಾರಕ ಅಂದ ಮೇಲೆ ಕಟ್ಟಿದ ಕೈ ಕಾಣಬೇಕು. ಮದ್ರಸಾದ ಮಿನಾರಿನ ಮೇಲೆ ಈಗಲೂ ಬಣ್ಣದ ಹೆಂಚು ಉಳಿದಿದೆ. 1696ರಲ್ಲಿ ಸ್ಫೋಟವಾಗಿ ಅರ್ಧ ಬಿದ್ದರೂ ನೋಡಿದವರು ನಿಂತುಬಿಡುತ್ತಾರೆ. ಹಳೇ ಚರ್ಚುಗಳಿಗೆ ನಮ್ಮ ಜನ ಪ್ರತಿ ಕ್ರಿಸ್‌ಮಸ್‌ಗೆ ಬಣ್ಣ ಬಳಿಯುತ್ತಾರೆ, ಟೈಲ್ಸ್ ಹಾಕುತ್ತಾರೆ, ಮುಂದೆ ತಗಡಿನ ಶೆಡ್ ಇಳಿಸುತ್ತಾರೆ. ಹಳೆಯದು ಉಳಿಯುವುದೆಲ್ಲಿ?

ಮಂಗಲಪೇಟೆ ಮನೆ
ಜನ ದಿನಾ ಬಳಸುವ ಜಾಗ ಅಣ್ಣಾ ಅದು. ಮಳೆ ಬಂದರೆ ಸೋರಬಾರದು, ಅಜ್ಜಿಯರು ಜಾರಿ ಬೀಳಬಾರದು. ಬಣ್ಣ ಬಳಿಯದೆ ಬಿಟ್ಟರೆ ಸ್ಮಾರಕ ಆಗುತ್ತೆ, ಸರಿ. ಆದರೆ ನಮ್ಮ ಮದುವೆ, ಮಕ್ಕಳ ದೀಕ್ಷಾಸ್ನಾನ, ಸಾವಿನ ಪ್ರಾರ್ಥನೆ ಎಲ್ಲಿ ಮಾಡೋದು?

ಬಿದ್ರಿ ಕುಸುರಿ
ಇಬ್ಬರೂ ಹೇಳೋದರಲ್ಲಿ ಅರ್ಥ ಇದೆ. ಒಂದು ಸಲಹೆ. ಹಳೇ ಚರ್ಚಿಗೆ ಹೋದಾಗ ಗೋಡೆಗಿಂತ ಮುಂಚೆ ಎರಡು ವಿಷಯ ಕೇಳಿ. ಒಂದು, ಅಡಿಗಲ್ಲು ಅಥವಾ ನೆನಪಿನ ಕಲ್ಲು ಎಲ್ಲಿದೆ ಅಂತ. ಎರಡು, ದೀಕ್ಷಾಸ್ನಾನ ಮತ್ತು ಮದುವೆಯ ಹಳೇ ರಿಜಿಸ್ಟರ್ ಯಾರ ಹತ್ತಿರ ಇದೆ ಅಂತ. ನಮ್ಮ ಹುಮನಾಬಾದ್ ಕಡೆಯ ಒಂದು ಹಳ್ಳಿ ಸಭೆಯಲ್ಲಿ ಅಂಥ ರಿಜಿಸ್ಟರ್ ನೋಡಿದ್ದೇನೆ. ಅಂಚು ಗೆದ್ದಲು ತಿಂದಿದೆ. ಒಂದೊಂದು ಸಾಲಲ್ಲಿ ಮಗುವಿನ ಹಳೇ ಹೆಸರು, ಹೊಸ ಹೆಸರು, ಅಪ್ಪನ ಕಸುಬು. ಕಲ್ಲಪ್ಪ ಯೋಹಾನ ಆಗಿದ್ದಾನೆ, ಪಕ್ಕದಲ್ಲಿ ಅಪ್ಪನ ಹೆಬ್ಬೆಟ್ಟು. ಮುಂದಿನ ತಲೆಮಾರಿನ ಪುಟಕ್ಕೆ ಬಂದರೆ ಅದೇ ಮನೆಯವರು ಸಹಿ ಹಾಕಿದ್ದಾರೆ. ಶಾಯಿ ಸ್ವಲ್ಪ ಹರಡಿದೆ, ಅಕ್ಷರ ದುಂಡಗೆ ಇದೆ. ಇಂಥದ್ದನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಡಬಾರದು. ಯಾರಾದರೂ ಸ್ಕ್ಯಾನ್ ಮಾಡಿಸಬೇಕು.

ಕರೇಜ್
ಇದು ಸರಿಯಾದ ಮಾತು. ಸ್ಕ್ಯಾನ್ ಮಾಡಿಸುವುದಾದರೆ ನಾನು ಬರುತ್ತೇನೆ, ನನ್ನ ಹತ್ತಿರ ಸ್ಕ್ಯಾನರ್ ಇದೆ. ಸಭೆಯವರು ಒಪ್ಪಬೇಕು ಅಷ್ಟೇ.

ಕಲಬುರಗಿ ತೊಗರಿ
ಚರ್ಚೆ ಚೆನ್ನಾಗಿದೆ, ಆದರೆ ತಿಂಡಿ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ! ನಮ್ಮ ಕಲಬುರಗಿಗೆ ಕರೆದುಕೊಂಡು ಬನ್ನಿ ಅಕ್ಕಾ. ಬೆಳಗ್ಗೆ ಸುಸ್ಲಾ ಮಿರ್ಚಿ, ಮಧ್ಯಾಹ್ನ ಮುಸ್ಲಿಂ ಚೌಕ್ ಕಡೆ ತಹರಿ, ಸಂಜೆ ಖೋವಾ ಹಾಕಿದ ಮಾಲಪುರಿ. ಬೀದರಿನ ಮಿರ್ಚಿ ನಮ್ಮದರ ಮುಂದೆ ನಿಲ್ಲಲ್ಲ.

ಗಂಜ್ ಕಾಕಾ
ಏನಂದಿ? ಮಿರ್ಚಿ ನಿಮ್ಮ ಕಡೆ ಹಿಟ್ಟಿನ ಮುದ್ದೆ. ಮೆಣಸಿನಕಾಯಿ ಹುಡುಕಬೇಕು.

ಕಲಬುರಗಿ ತೊಗರಿ
ಕಾಕಾ, ಹಿಟ್ಟು ಗಟ್ಟಿ ಇದ್ದರೇ ಒಳಗಿನ ಕಾಯಿ ಹಬೆಯಲ್ಲಿ ಬೇಯೋದು. ತೆಳ್ಳಗಿದ್ದರೆ ಎಣ್ಣೆ ಕುಡಿಯುತ್ತೆ.

ಅನಿತಾ ಹುಮನಾಬಾದ್
ನಮ್ಮ ಮಾವ ಬಹಳ ವರ್ಷ ಮಿರ್ಚಿ ಗಾಡಿ ನಡೆಸಿದವರು, ನಾನೇ ಹಿಟ್ಟು ಕಲಸಿಕೊಟ್ಟವಳು. ಹೇಳ್ತೀನಿ ಕೇಳಿ. ಕಾಯಿ ಉದ್ದದ್ದು, ತಿಳಿ ಹಸಿರಿನದ್ದು ಬೇಕು. ಗಿಡ್ಡ ಕಡು ಹಸಿರು ಕಾಯಿ ತಂದರೆ ಯಾರೂ ತಿನ್ನಲಾಗಲ್ಲ. ಒಂದು ಕಡೆ ಉದ್ದಕ್ಕೆ ಸೀಳಿ ಬೀಜ ತೆಗೆದು, ಜೀರಿಗೆ, ಅಜವಾನ, ಉಪ್ಪು ಅರೆದು ಹುಣಸೆ ರಸದಲ್ಲಿ ಕಲಸಿ ಒಳಗೆ ಸವರಬೇಕು. ಹುಣಸೆ ಇದ್ದರೆ ಖಾರ ಕಡಿಮೆ ಅನ್ನಿಸುತ್ತೆ. ಕಡಲೆ ಹಿಟ್ಟು ಬೆರಳಿಂದ ಎತ್ತಿದರೆ ನಿಧಾನಕ್ಕೆ ಬೀಳಬೇಕು. ಸೋಡಾ ಚಿಟಿಕೆ ಸಾಕು, ಜಾಸ್ತಿ ಆದರೆ ಎಣ್ಣೆ ಹೀರುತ್ತೆ. ಮೊದಲು ಅರ್ಧ ಕರಿದು ತೆಗೆದಿಟ್ಟು, ಗಿರಾಕಿ ಬಂದಾಗ ಎರಡನೇ ಸಲ ಎಣ್ಣೆಗೆ ಬಿಡುತ್ತಿದ್ದರು ನಮ್ಮ ಮಾವ. ಆ ಎರಡನೇ ಕರಿಯುವಿಕೆಯಿಂದಲೇ ಮೇಲಿನ ಪದರ ಗರಿಗರಿ ಆಗೋದು.

ಬೆಂಗಳೂರಿನವರಿಗೆ ಸುಸ್ಲಾ ಜೊತೆ ಕೊಡಿ. ಚುರುಮುರಿ ನೀರಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಅರಿಶಿನದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ, ನಿಂಬೆಹಣ್ಣು. ಒಂದು ತುತ್ತು ಮಿರ್ಚಿ, ಎರಡು ತುತ್ತು ಸುಸ್ಲಾ. ಖಾರ ಹತ್ತಲ್ಲ.

ಮಂಜೀರಾ ದಂಡೆ
ಎಣ್ಣೆ ನೋಡಿಕೊಳ್ಳಿ. ಕಪ್ಪಾಗಿ ನೊರೆ ಬರುತ್ತಿದ್ದರೆ ಅಲ್ಲಿ ನಿಲ್ಲಲೇಬೇಡಿ. ನಮ್ಮ ಮನೆಗೆ ಬಂದ ನೆಂಟರು ಒಂದು ಗಾಡಿಯಲ್ಲಿ ತಿಂದು ರಾತ್ರಿಯಿಡೀ ವಾಂತಿ ಮಾಡಿಕೊಂಡರು. ಜನ ಜಾಸ್ತಿ ಇರುವ ಗಾಡಿ, ಕಣ್ಣ ಮುಂದೆ ಕರಿಯುವ ಗಾಡಿ ನೋಡಿ ನಿಲ್ಲಿ. ನೀರು ಮನೆಯಿಂದ ತೆಗೆದುಕೊಂಡು ಹೋಗಿ.

ಅನಿತಾ ಹುಮನಾಬಾದ್
ಖಂಡಿತ. ತಟ್ಟೆ ತೊಳೆಯುವ ನೀರಿನ ಬಕೆಟ್ ಕೂಡ ನೋಡಿ. ಪೇಪರ್ ಮೇಲೆ ಕೊಡಿ ಅಂತ ಕೇಳಿದರೆ ಯಾರೂ ಬೇಡ ಅನ್ನಲ್ಲ. ಆದರೆ ಅಚ್ಚಿರುವ ಹಳೇ ಪತ್ರಿಕೆ ಬೇಡ, ಬಿಸಿ ಎಣ್ಣೆಗೆ ಶಾಯಿ ಹತ್ತುತ್ತೆ.

ಇರಾನಿ ಚಹಾ
ಎಲ್ಲಾ ತಿನ್ನುವ ಆ ಒಬ್ಬ ಅಣ್ಣನಿಗೆ ತಹರಿ ಕೊಡಿಸಿ. ಬಿರಿಯಾನಿ ಅಂತ ಹೇಳಿ ಕೊಡಬೇಡಿ, ಅದು ಬೇರೆ ಅಡುಗೆ. ಬಿರಿಯಾನಿಯಲ್ಲಿ ಅಕ್ಕಿ ಬೇರೆ, ಮಾಂಸ ಬೇರೆ ಮಾಡಿ ಪದರ ಹಾಕಿ ದಮ್ ಕೊಡ್ತಾರೆ. ತಹರಿಯಲ್ಲಿ ಮಾಂಸ ಬೇಯಿಸಿದ ಮಸಾಲೆ ನೀರಲ್ಲೇ ಅಕ್ಕಿ ಬೇಯುತ್ತೆ, ಅರಿಶಿನದ ಬಣ್ಣ. ಮಧ್ಯಾಹ್ನ ಡೇಗ್, ಅಂದ್ರೆ ದೊಡ್ಡ ಹಂಡೆಯ, ಮುಚ್ಚಳ ತೆಗೆದ ಕೂಡಲೇ ಹೋಗಬೇಕು. ತಡವಾದರೆ ತಳ ಮಾತ್ರ ಉಳಿದಿರುತ್ತೆ. ಲುಖ್ಮಿ ಸಿಕ್ಕರೆ ಅದನ್ನೂ ಬಿಡಬೇಡಿ, ಚೌಕಾಕಾರದ್ದು, ಒಳಗೆ ಖೀಮಾ.

ಸಸ್ಯಾಹಾರಿಗಳಿಗೆ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕಿಟ್. ಹಾಲು ಬೇರೆ ಒಲೆಯಲ್ಲಿ ಗಟ್ಟಿಯಾಗುವವರೆಗೆ ಕುದಿಯುತ್ತೆ, ಚಹಾ ಡಿಕಾಕ್ಷನ್ ಬೇರೆ ಪಾತ್ರೆಯಲ್ಲಿ ಬಾಯಿ ಮುಚ್ಚಿ ದಮ್ ಮೇಲೆ ಇರುತ್ತೆ. ಕಪ್ಪಲ್ಲಿ ಎರಡೂ ಸೇರಿಸೋದು. ಸಕ್ಕರೆ ಕಮ್ಮಿ ಬೇಕಂದ್ರೆ ಮೊದಲೇ ಹೇಳಿ.

ಚೌಬಾರಾ ಹುಡುಗಿ
ಅಬ್ಬಾ, ಇಷ್ಟೊಂದು ಉತ್ತರ! ಎಲ್ಲರಿಗೂ ಧನ್ಯವಾದ. ಆದರೆ ಒಂದು ಗೊಂದಲ. ಚರ್ಚ್ ಬೆಳಗ್ಗೆ, ಮಿರ್ಚಿ ಸಂಜೆ ಅಲ್ವಾ? ನಮ್ಮ ಓಣಿಯಲ್ಲಿ ಗಾಡಿಗಳು ಬರೋದೇ ಇಳಿಹೊತ್ತಿಗೆ.

ಕಲಬುರಗಿ ತೊಗರಿ
ನಮ್ಮಲ್ಲಿ ಬೆಳಗ್ಗೆಯೇ ಸುಸ್ಲಾ ಮಿರ್ಚಿ ತಿಂದು ಕೆಲಸಕ್ಕೆ ಹೋಗ್ತಾರೆ. ಬೆಂಗಳೂರಿನ ನೆಂಟರಿಗೂ ಇದೇ ಸರಿ, ಇಡ್ಲಿ ದಿನಾ ತಿಂತಾರೆ.

ಗಂಜ್ ಕಾಕಾ
ಬೆಳಗ್ಗೆ ಮಿರ್ಚಿ ತಿನ್ನೋದು ಹೊಟ್ಟೆಗೆ ಒಳ್ಳೆಯದಲ್ಲ. ಬೆಳಗ್ಗೆ ಸುಸ್ಲಾ ಮಾತ್ರ, ಸಂಜೆ ಮಿರ್ಚಿ. ಇದರಲ್ಲಿ ನಾನು ಯಾರ ಮಾತೂ ಕೇಳಲ್ಲ.

ಭಾಲ್ಕಿ ಮಾಸ್ತರ್
ನೆಂಟರು ಯಾವಾಗ ಬರುತ್ತಾರೆ ತಂಗಿ? ಅಕ್ಟೋಬರ್, ನವೆಂಬರ್ ಆದರೆ ಸೀತಾಫಲದ ಕಾಲ. ಹಳ್ಳಿ ಹೆಂಗಸರು ಬುಟ್ಟಿಯಲ್ಲಿ ತಂದು ಮಾರುತ್ತಾರೆ. ಕಣ್ಣು ಬಿಟ್ಟದ್ದು ನೋಡಿ ತಗೊಳ್ಳಿ, ಮನೆಯಲ್ಲಿ ಎರಡು ದಿನಕ್ಕೆ ಹಣ್ಣಾಗುತ್ತೆ. ಡಿಸೆಂಬರ್ ಕೊನೆ ಆದರೆ ಇನ್ನೂ ಚಂದ. ಕ್ರಿಸ್‌ಮಸ್ ಮತ್ತು ಎಳ್ಳಮಾವಾಸ್ಯೆ ಕೆಲವು ವರ್ಷ ಹತ್ತಿರ ಹತ್ತಿರ ಬರುತ್ತವೆ. ಒಂದು ಕಡೆ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಹೊಲದಲ್ಲಿ ಕೂತು ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಇನ್ನೊಂದು ಕಡೆ ಕ್ರೈಸ್ತರ ಮನೆಗಳಲ್ಲಿ ನಕ್ಷತ್ರದ ದೀಪ.

ಮಂಗಲಪೇಟೆ ಮನೆ
ಹೌದು ಮಾಸ್ತರೇ. ನಮ್ಮ ಮನೆಯಿಂದ ಪಕ್ಕದ ಮನೆಗೆ ಕರ್ಚಿಕಾಯಿ, ಚಕ್ಕುಲಿ ಹೋಗುತ್ತೆ, ಅವರ ಮನೆಯಿಂದ ಭಜ್ಜಿ ಡಬ್ಬಿ ಬರುತ್ತೆ. ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ನಮ್ಮ ಅಮ್ಮ ಅದರಲ್ಲಿ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸುತ್ತಾರೆ. ಡಿಸೆಂಬರ್ 31ರ ರಾತ್ರಿ ಆರಾಧನೆ ಇರುತ್ತೆ. ಹಳೇ ವರ್ಷ ಮುಗಿದು ಹೊಸದು ಹುಟ್ಟುವವರೆಗೆ ಎಚ್ಚರ ಇದ್ದು ಪ್ರಾರ್ಥನೆ ಮಾಡೋದು ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ ಕಾಲದಿಂದ ಬಂದ ಪದ್ಧತಿ. ಚಳಿ ಜಾಸ್ತಿ, ಶಾಲು ಹೊದ್ದು ಬನ್ನಿ.

ಬಿದ್ರಿ ಕುಸುರಿ
ನವೆಂಬರ್ ಅಂದಾಗ ನೆನಪಾಯ್ತು. ವಿಕಾರಾಬಾದ್ ಹತ್ತಿರ ಧಾರೂರಿನಲ್ಲಿ ಮೆಥಡಿಸ್ಟರ ಜಾತ್ರೆ ಆಗುತ್ತೆ. ತೆಲಂಗಾಣದವರು, ನಮ್ಮವರು, ಮರಾಠಿಯವರು ಎಲ್ಲಾ ಸೇರುತ್ತಾರೆ. ಗುಡಾರ ಹಾಕಿ, ಅಲ್ಲೇ ಒಲೆ ಹೂಡಿ, ಹಗಲು ರಾತ್ರಿ ಭಜನೆ. ಒಂದೇ ಗುಡಾರದಲ್ಲಿ ಮೂರು ಭಾಷೆ ಕೇಳಬಹುದು. ಜಾತ್ರೆ ಅಂದ ಮೇಲೆ ಮಿಠಾಯಿ, ಬಳೆ ಅಂಗಡಿ ಇದ್ದೇ ಇರುತ್ತೆ.

ರಾಯಚೂರು ರೈಲು
ಹಳೇ ಚರ್ಚ್ ಅಂದ್ರೆ ನಮ್ಮ ಮುದಗಲ್ ಮರೆತಿರಾ? ಅಲ್ಲಿ ಆದಿಲ್‌ಶಾಹಿ ಕಾಲದಲ್ಲೇ ಜೆಸ್ವಿಟ್ ಅನ್ನುವ ಕ್ಯಾಥೋಲಿಕ್ ಪಂಗಡದ ಪಾದ್ರಿಗಳು ಬಂದು ನೆಲೆ ಮಾಡಿದ್ದರು. ಮೊಹರಂಗೂ ಅದೇ ಊರು ಹೆಸರುವಾಸಿ. ಬೀದರಿನದ್ದು ಅದರ ಮುಂದೆ ನಿನ್ನೆ ಮೊನ್ನೆಯದು.

ಮಂಜೀರಾ ದಂಡೆ
ಮುದಗಲ್ ಚೌಬಾರಾದಿಂದ ನಡೆದು ಹೋಗುವಷ್ಟು ಹತ್ತಿರ ಇಲ್ಲವಲ್ಲ ಸ್ವಾಮಿ. ತಂಗಿ ಕೇಳಿದ್ದು ಮನೆ ಹತ್ತಿರದ್ದು.

ಕರೇಜ್
ಸರಿ, ಹಾಗಿದ್ದರೆ ನಡಿಗೆಯ ದಾರಿ ನಾನು ಹೇಳುತ್ತೇನೆ, ಬಹಮನಿಯೂ ಬರಲಿ, ಚರ್ಚೂ ಬರಲಿ. ಚೌಬಾರಾ ಬುಡದಿಂದ ಶುರು ಮಾಡಿ. 71 ಅಡಿ ಎತ್ತರದ ಕಾವಲು ಗೋಪುರ ಅದು, ನಾಲ್ಕೂ ದಿಕ್ಕಿನ ರಸ್ತೆ ಅಲ್ಲಿಂದ ಹೊರಡುತ್ತೆ. ಅಲ್ಲಿಂದ ಮಂಗಲಪೇಟೆ ದರವಾಜೆ ಕಡೆ ನಡೆಯಿರಿ. ಊರ ಗೋಡೆಗೆ ಶಹಾಗಂಜ್, ಫತೇ, ದುಲ್ಹನ್, ತಲಘಾಟ್ ಅಂತ ಇನ್ನೂ ನಾಲ್ಕು ದರವಾಜೆ ಇದ್ದವು, ನೆಂಟರಿಗೆ ಹೇಳಿ. ದಾರಿಯಲ್ಲಿ ಹಳೇ ಮನೆಗಳ ಗೋಡೆ ಗಮನಿಸಿ, ಗಾರೆ ಉದುರಿದ ಕಡೆ ಒಳಗಿನ ಕೆಂಪು ಜಂಬಿಟ್ಟಿಗೆ ಕಲ್ಲು ಕಾಣುತ್ತೆ. ಕೈಯಿಟ್ಟು ನೋಡಿದರೆ ತೂತು ತೂತು. ಅದೇ ಕಲ್ಲಿನಲ್ಲಿ ಕೋಟೆಯ ಕಂದಕ ಕೊರೆದಿದ್ದಾರೆ, ಅದೇ ಕಲ್ಲಲ್ಲಿ ಬಾವಿ ತೋಡಿದ್ದಾರೆ, ಅದೇ ಕಲ್ಲಲ್ಲಿ ಬಡವರ ಮನೆಯೂ ಎದ್ದಿದೆ. ವಾಪಸ್ ಬರುವಾಗ ಗವಾನ್ ಮದ್ರಸಾ ರಸ್ತೆ ಹಿಡಿಯಿರಿ, ಕಪ್ಪು ಲೋಹದ ಮೇಲೆ ಬೆಳ್ಳಿ ಕುಸುರಿ ಮಾಡುವ ಬಿದ್ರಿ ಅಂಗಡಿಗಳು ಅಲ್ಲೇ ಸಿಗುತ್ತವೆ.

ಭಾಲ್ಕಿ ಮಾಸ್ತರ್
ಬಹಳ ಚೆನ್ನಾಗಿ ಹೇಳಿದಿರಿ ಕರೇಜ್ ಅವರೇ. ಇದಕ್ಕಿಂತ ಒಳ್ಳೆಯ ದಾರಿ ನನಗೂ ಹೊಳೆಯಲಿಲ್ಲ.

ಕಲಬುರಗಿ ತೊಗರಿ
ನಾನೂ ಬರಲಾ? 2017ರಿಂದ ಕಲಬುರಗಿ–ಬೀದರ್ ರೈಲು ಇದೆ, ಆದರೂ ನಮ್ಮ ಜನ ಬೀದರ್ ಅಂದ್ರೆ ಇನ್ನೂ ಬಸ್ಸೇ ಹತ್ತುತ್ತಾರೆ. ಕಾಕಾ ಹೇಳುವ ಮಿರ್ಚಿ ತಿಂದೇ ನೋಡೋಣ.

ಚೌಬಾರಾ ಹುಡುಗಿ
ದಯವಿಟ್ಟು ಬನ್ನಿ. ಹಾಗಾದರೆ ಹೀಗೆ ಮಾಡ್ತೀನಿ. ಬೆಳಗ್ಗೆ ಸುಸ್ಲಾ, ಆಮೇಲೆ ಕರೇಜ್ ಅಣ್ಣ ಹೇಳಿದ ದಾರಿಯಲ್ಲಿ ಮಂಗಲಪೇಟೆ, ಆರಾಧನೆ, ಮಧ್ಯಾಹ್ನ ಒಬ್ಬನಿಗೆ ತಹರಿ, ಉಳಿದವರಿಗೆ ನಮ್ಮ ಮನೆಯಲ್ಲೇ ರೊಟ್ಟಿ, ಪುಂಡಿ ಪಲ್ಯ. ಮನೆಯ ಊಟವೂ ಇರಲಿ ಅಂತ ಅಮ್ಮ ಹಟ ಹಿಡಿದಿದ್ದಾರೆ. ಸಂಜೆ ಮಿರ್ಚಿ, ಇರಾನಿ ಚಹಾ. ಮಂಗಲಪೇಟೆ ಅಕ್ಕಾ, ರಿಜಿಸ್ಟರ್ ವಿಷಯ ಪಾದ್ರಿಗಳ ಹತ್ತಿರ ಮಾತಾಡಬಹುದಾ?

ಮಂಗಲಪೇಟೆ ಮನೆ
ನಿನ್ನೆಯೇ ಕೇಳಿದೆ. ಮೊದಲು ಸಭೆಯ ಹಿರಿಯರ ಮುಂದೆ ಇಡೋಣ ಅಂದರು. ಸ್ಕ್ಯಾನ್ ಮಾಡುವವರು ಬಂದು ಎದುರಲ್ಲೇ ಕೂತು ಮಾಡಬೇಕು, ಪುಸ್ತಕ ಚರ್ಚಿನ ಹೊರಗೆ ಹೋಗಬಾರದು, ಯಾರ ಹೆಸರೂ ಎಲ್ಲೂ ಹಾಕಬಾರದು. ಇಷ್ಟಕ್ಕೆ ಒಪ್ಪಿದರೆ ಹಿರಿಯರೂ ಬೇಡ ಅನ್ನಲ್ಲ ಅಂತ ನನಗೆ ಅನ್ನಿಸುತ್ತೆ. ಕರೇಜ್ ಅಣ್ಣಾ, ನೀವು ಆ ಭಾನುವಾರ ಬನ್ನಿ, ನಾನೇ ಪರಿಚಯ ಮಾಡಿಸ್ತೀನಿ.

ಕರೇಜ್
ಎಲ್ಲದಕ್ಕೂ ಒಪ್ಪಿಗೆ. ಬರ್ತೀನಿ ತಾಯಿ. ಹತ್ತಿಯ ಕೈಗವಸು ತರುತ್ತೇನೆ, ಹಳೇ ಕಾಗದ ಬರಿಗೈಯಲ್ಲಿ ಮುಟ್ಟೋದು ಬೇಡ.

ಬಿದ್ರಿ ಕುಸುರಿ
ಕೈಗವಸಿಗಿಂತ ಸೋಪು ಹಾಕಿ ತೊಳೆದು ಒರೆಸಿದ ಕೈ ಒಳ್ಳೆಯದು. ಗವಸು ಹಾಕಿದರೆ ಪುಟದ ಅಂಚು ಗೊತ್ತಾಗಲ್ಲ, ಹರಿಯುತ್ತೆ. ಮಿರ್ಚಿ ತಿನ್ನುವ ಮುಂಚೆ ಈ ಕೆಲಸ ಮುಗಿಸಿ.

ಗಂಜ್ ಕಾಕಾ
ಅದಕ್ಕೇ ಹೇಳಿದ್ದು, ಮಿರ್ಚಿ ಸಂಜೆಗೆ ಅಂತ.